ಒಂದು ರಾತ್ರಿಯ ಕುರುಕ್ಷೇತ್ರ, ಮೂರು ಕ್ಯಾಸೆಟ್

ರಾಗಿ ಒಕ್ಕಣೆ ಮುಗಿದು ಜಾತ್ರೆ, ಪರಿಷೆಗಳ ಕಾಲ ಬಂತೆಂದರೆ ಬೆಂಗಳೂರು ಗ್ರಾಮಾಂತರದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಊರುಗಳಲ್ಲಿ ಪೌರಾಣಿಕ ನಾಟಕದ ರಂಗಸಜ್ಜಿಕೆ ಏಳುತ್ತದೆ. ಅವುಗಳಲ್ಲಿ ಹಿರಿಯದು ‘ಕುರುಕ್ಷೇತ್ರ’. ರಾತ್ರಿ ಒಂಬತ್ತಕ್ಕೋ ಹತ್ತಕ್ಕೋ ಶುರುವಾದರೆ ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಮೂಡಲು ಬೆಳ್ಳಗಾಗಿರುತ್ತದೆ. ವಿಎಚ್‌ಎಸ್ ಕಾಲದಲ್ಲಿ ಆ ಒಂದು ರಾತ್ರಿಯನ್ನು ಹಿಡಿಯಲು ಮೂರು ಗಂಟೆಯ ಕ್ಯಾಸೆಟ್ಟು ಮೂರಾದರೂ ಬೇಕಿತ್ತು. ಮದುವೆ ವಿಡಿಯೊ ತೆಗೆಯುವ ಸ್ಟುಡಿಯೊದವರೇ ಬಂದು ತೆಗೆದುಕೊಡುತ್ತಿದ್ದರು. ಕ್ಯಾಸೆಟ್ಟು ಪಾತ್ರಧಾರಿಯ ಮನೆ ಸೇರಿ, ನೆಂಟರು ಬಂದಾಗ ಓಡಿ, ವಿಸಿಆರ್ ಕೆಟ್ಟ ಮೇಲೆ ಬೀರುವಿನ ತಳ ಸೇರುತ್ತಿತ್ತು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1983ರ ಡಿಸೆಂಬರ್‌ನಲ್ಲಿ, ಅಮೆರಿಕದ ನ್ಯೂ ವೇವ್ ತಂಡ ಟಾಕಿಂಗ್ ಹೆಡ್ಸ್ ಹಾಲಿವುಡ್‌ನ ಪ್ಯಾಂಟೇಜಸ್ ಥಿಯೇಟರಿನಲ್ಲಿ ಹಾಡಿದ್ದನ್ನು ಜೊನಾಥನ್ ಡೆಮ್ಮಿ ಚಿತ್ರೀಕರಿಸಿದರು. 1984ರಲ್ಲಿ ಅದು ‘ಸ್ಟಾಪ್ ಮೇಕಿಂಗ್ ಸೆನ್ಸ್’ ಎಂಬ ಹೆಸರಿನಲ್ಲಿ ತೆರೆಗೆ ಬಂತು, ಆಮೇಲೆ ಕ್ಯಾಸೆಟ್ ಆಗಿ ಮನೆಗಳಿಗೆ ಹೋಯಿತು. 2021ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿ ಪಟ್ಟಿ ಸೇರಿತು. 2023ರಲ್ಲಿ ಹೊಸ 4ಕೆ ಪ್ರತಿಯಾಗಿ ಮತ್ತೆ ಚಿತ್ರಮಂದಿರಗಳಿಗೆ ಬಂದಾಗ, ಆ ಹಾಡುಗಳು ಹುಟ್ಟಿದಾಗ ಹುಟ್ಟೇ ಇರದಿದ್ದ ಹುಡುಗರು ಸಾಲುಗಳ ನಡುವೆ ಕುಣಿದರು.

ಎರಡೂ ವೇದಿಕೆಯ ರಾತ್ರಿಗಳೇ. ಒಂದು ನಲವತ್ತು ವರ್ಷದ ಮೇಲೆ ಮರಳಿ ಬರುತ್ತದೆ, ಇನ್ನೊಂದು ಬೀರುವಿನಲ್ಲಿ ಬೂಷ್ಟು ಹಿಡಿಯುತ್ತದೆ. ಇದು ದುಡ್ಡಿನ ವ್ಯತ್ಯಾಸ ಎಂದುಬಿಡುವುದು ಸುಲಭ. ಅದು ನಿಜವೂ ಹೌದು, ಆದರೆ ಪೂರ್ತಿ ನಿಜವಲ್ಲ. ಕನ್ನಡ ವೇದಿಕೆಯ ಮುಂದೆ ಕ್ಯಾಮೆರಾಕ್ಕೆ ಬರ ಬಂದದ್ದೇ ಇಲ್ಲ. ಕ್ಯಾಮೆರಾ ಮುಚ್ಚಿದ ಮೇಲೆ ಆಗಬೇಕಾದ ಕೆಲಸಗಳಿವೆಯಲ್ಲ, ಧ್ವನಿ ಸರಿಮಾಡುವುದು, ಕೂಡಿಸುವುದು, ಹೆಸರು ಬರೆಯುವುದು, ಹಕ್ಕು ತೀರ್ಮಾನಿಸುವುದು, ಕಾಪಿಡುವುದು, ಅವು ಮಾತ್ರ ಯಾರ ಪಾಲಿಗೂ ಬರಲಿಲ್ಲ. ಈ ಲೇಖನ ಪರಿಶೀಲಿಸುವುದು ಆ ಕೊರತೆಯನ್ನು.

ನ್ಯೂ ವೇವ್‌ನವರ ಮೂರು ದಾರಿ

ಎಪ್ಪತ್ತರ ದಶಕದ ಕೊನೆಯಲ್ಲಿ ಪಂಕ್ ರಾಕ್‌ನ ಬೆನ್ನಿಗೇ ಬಂದ ನ್ಯೂ ವೇವ್ ತಂಡಗಳು ಮನೆ ವಿಡಿಯೊ ಎಂಬ ಹೊಸ ಸರಕಿನ ಜೊತೆಜೊತೆಗೇ ಬೆಳೆದವು. ಸೋನಿಯ ಬೀಟಾಮ್ಯಾಕ್ಸ್ 1975ರಲ್ಲಿ, ಜೆವಿಸಿಯ ವಿಎಚ್‌ಎಸ್ 1976ರಲ್ಲಿ ಬಂದವು. ಎಂಟಿವಿ ವಾಹಿನಿ 1981ರಲ್ಲಿ. ಹಾಗಾಗಿ ಕಚೇರಿಯೊಂದನ್ನು ಮನೆಯ ಪರದೆಗೆ ಹೇಗೆ ತರಬೇಕೆಂದು ತಲೆ ಕೆಡಿಸಿಕೊಂಡವರಲ್ಲಿ ಇವರು ಮೊದಲಿಗರು.

‘ಸ್ಟಾಪ್ ಮೇಕಿಂಗ್ ಸೆನ್ಸ್’ ತೋರಿಸುವುದು ವೇದಿಕೆಯನ್ನಷ್ಟೇ. ತಂಡದ ಗಾಯಕ ಡೇವಿಡ್ ಬರ್ನ್ ಖಾಲಿ ರಂಗಕ್ಕೆ ಒಬ್ಬರೇ ಗಿಟಾರು, ಟೇಪ್ ರೆಕಾರ್ಡರ್ ಹಿಡಿದು ಬರುತ್ತಾರೆ. ಹಾಡಿಗೊಬ್ಬರಂತೆ ಉಳಿದವರು ಸೇರುತ್ತಾರೆ. ಕರಿ ಬಟ್ಟೆ ತೊಟ್ಟ ರಂಗಕರ್ಮಿಗಳು ವಾದ್ಯಗಳನ್ನು ತಳ್ಳಿಕೊಂಡು ಬರುವುದೂ ಆಟದ ಭಾಗವೇ. ಪ್ರೇಕ್ಷಕರ ಮುಖ ಕೊನೆಯವರೆಗೂ ಕಾಣುವುದಿಲ್ಲ ಎನ್ನಬಹುದು. ಯಾರೋ ಚಪ್ಪಾಳೆ ಹೊಡೆಯುವುದನ್ನು ತೋರಿಸಿ ನಮಗೆ ಸಂತೋಷಪಡಲು ಹೇಳಿಕೊಡುವ ಕೆಲಸವನ್ನು ಡೆಮ್ಮಿ ಬೇಕೆಂದೇ ಬಿಟ್ಟರು. ಕೆಲವು ರಾತ್ರಿಗಳ ಚಿತ್ರೀಕರಣವನ್ನು ಕೂಡಿಸಿ 88 ನಿಮಿಷದ ಒಂದೇ ರಾತ್ರಿಯಾಗಿಸಿದರು. ಮನೆ ವಿಡಿಯೊಗೆಂದು, ಚಿತ್ರಮಂದಿರದಲ್ಲಿರದ ಹಾಡುಗಳನ್ನೂ ಸೇರಿಸಿದರು.

ಎರಡನೆಯ ದಾರಿ ದಿ ಪೊಲೀಸ್ ತಂಡದ್ದು. ಈ ತಂಡ 1980ರ ಮಾರ್ಚ್‌ನಲ್ಲಿ ಮುಂಬಯಿಯ ರಂಗಭವನದಲ್ಲೂ ಹಾಡಿ ಹೋಗಿತ್ತು. 1983ರ ನವೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ನಡೆದ ಅವರ ಕಚೇರಿಯನ್ನು ಚಿತ್ರೀಕರಿಸಿದ ಗಾಡ್ಲಿ ಮತ್ತು ಕ್ರೀಮ್ ಜೋಡಿ ಆ ಕಾಲದ ಹಾಡಿನ ವಿಡಿಯೊಗಳ ನುರಿತ ಕೈ. ಟಿವಿಯ ಸಣ್ಣ ಪರದೆಯಲ್ಲಿ ದೊಡ್ಡ ಸಭಾಂಗಣ ಮಂಕಾಗುತ್ತದೆಂದು ಬಲ್ಲವರಾದ್ದರಿಂದ ಸಂಕಲನದ ವೇಗವನ್ನೇ ನೆಚ್ಚಿದರು.

ಮೂರನೆಯದು ಡಿಪೆಷ್ ಮೋಡ್ ತಂಡದ ‘101’. 1988ರ ಜೂನ್ 18ರಂದು ಕ್ಯಾಲಿಫೋರ್ನಿಯಾದ ರೋಸ್ ಬೋಲ್ ಮೈದಾನದಲ್ಲಿ 60,000ಕ್ಕೂ ಹೆಚ್ಚು ಜನರ ಮುಂದೆ ನಡೆದ ಕಚೇರಿಯನ್ನು ಡಿ.ಎ. ಪೆನ್ನೆಬೇಕರ್ ಮತ್ತು ಸಂಗಡಿಗರು ತೆಗೆದರು. ಇಲ್ಲಿ ಕ್ಯಾಮೆರಾ ಬಸ್ಸು ಹತ್ತಿ ಹೊರಟ ಅಭಿಮಾನಿಗಳ ಬೆನ್ನು ಹಿಡಿಯುತ್ತದೆ. ಟಿಕೆಟ್ ಹಣ ಎಣಿಸುವವರನ್ನೂ ಬಿಡುವುದಿಲ್ಲ.

ವೇದಿಕೆಯೊಂದೇ ಸಾಕು, ಪರದೆಯ ಗತಿ ಮುಖ್ಯ, ಜನರೇ ಕಥೆ. ಈ ಮೂರರಲ್ಲಿ ಯಾವುದು ಸರಿ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ನಮಗೆ ಬೇಕಾದ ಮಾತು ಇಷ್ಟೆ: ಮೂವರೂ ಯಾರಿಗಾಗಿ ತೆಗೆಯುತ್ತಿದ್ದೇವೆಂದು ಕ್ಯಾಮೆರಾ ಹೂಡುವ ಮೊದಲೇ ತೀರ್ಮಾನಿಸಿದ್ದರು.

ನಮ್ಮಲ್ಲಿ ಕಿವಿಯದೇ ಮೊದಲ ಪಾಲು

ಕನ್ನಡದಲ್ಲಿ ವೇದಿಕೆ ಮನೆಗೆ ಬಂದದ್ದು ಕಿವಿಯ ದಾರಿಯಿಂದ. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಕಂಪನಿಯನ್ನು ದೊಡ್ಡದಾಗಿ ಬೆಳೆಸಿದ ಗುಬ್ಬಿ ವೀರಣ್ಣ, 1930ರ ದಶಕದಲ್ಲಿ ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಆ ವೈಭವದ ಬಗ್ಗೆ ನಮಗೆ ಸಿಕ್ಕಿರುವುದು ಹೆಚ್ಚಾಗಿ ಫೋಟೊಗಳು ಮತ್ತು ಕಂಡವರ ಮಾತು. ಕಂಪನಿ ನಾಟಕದ ಹಾಡುಗಳು ಗ್ರಾಮಫೋನ್ ತಟ್ಟೆಗೆ ಹೋದವು. ಆದರೆ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷ. ರಂಗದ ಮೇಲೆ ಆಲಾಪ, ಒನ್ಸ್ ಮೋರ್ ಎಲ್ಲ ಸೇರಿ ಹದಿನೈದು ನಿಮಿಷ ಎಳೆಯುತ್ತಿದ್ದ ಹಾಡು ತಟ್ಟೆಯಲ್ಲಿ ಮೊಟಕಾಯಿತು.

ಕ್ಯಾಸೆಟ್ ಬಂದ ಮೇಲೆ ಈ ಬಿಗಿ ಸಡಿಲವಾಯಿತು. 1978ರ ‘ನಿತ್ಯೋತ್ಸವ’, ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ್ದು, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದು ಹೆಸರಾಗಿದೆ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ವನ್ನು ಥಿಯೇಟರಿಗೆ ಹೋಗಿ ನೋಡಿದವರಿಗಿಂತ ಟೇಪ್ ರೆಕಾರ್ಡರಿನಲ್ಲಿ ಕೇಳಿ ಬಾಯಿಪಾಠ ಮಾಡಿದವರೇ ಹೆಚ್ಚಿರಬೇಕು. ಆ ನಾಟಕದ ಜೀವ ಮಾತಿನಲ್ಲೇ ಇದ್ದದ್ದರಿಂದ ಕಣ್ಣಿಲ್ಲದಿದ್ದರೂ ನಷ್ಟವಾಗಲಿಲ್ಲ. ಯಕ್ಷಗಾನದ ಭಾಗವತ ಕಾಳಿಂಗ ನಾವಡರು 1990ರಲ್ಲಿ ಚಿಕ್ಕ ಪ್ರಾಯದಲ್ಲೇ ಅಪಘಾತದಲ್ಲಿ ತೀರಿಕೊಂಡರು. ಅವರನ್ನು ಕಣ್ಣಾರೆ ಕಾಣದ ತಲೆಮಾರು ಇಂದಿಗೂ ಅವರ ಶೈಲಿಯನ್ನು ಅನುಸರಿಸುತ್ತಿದ್ದರೆ ಅದಕ್ಕೆ ಕಾರಣ ಕ್ಯಾಸೆಟ್ಟುಗಳು.

ಸಿ. ಅಶ್ವತ್ಥ್ 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆಸಿದ ‘ಕನ್ನಡವೇ ಸತ್ಯ’ ಕಾರ್ಯಕ್ರಮವನ್ನು ಈ ಸಾಲಿನ ತುದಿ ಎನ್ನಬಹುದು. ಎರಡು ವರ್ಷ ಹಿಂದೆ ಅದೇ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿದ್ದರು. ಸುಗಮ ಸಂಗೀತಕ್ಕೂ ಅಂಥ ಜನಸಾಗರ ಸೇರುತ್ತದೆಂದು ಆ ಸಂಜೆ ತೋರಿಸಿಕೊಟ್ಟಿತು. ಆದರೂ ‘ಕನ್ನಡವೇ ಸತ್ಯ’ ಎಂದರೆ ಇಂದು ಹೆಚ್ಚಿನವರಿಗೆ ನೆನಪಾಗುವುದು ಹಾಡುಗಳು. ಆ ಮೈದಾನದ ದೃಶ್ಯವಲ್ಲ. ನಮ್ಮ ಮಾರುಕಟ್ಟೆ ಕಿವಿಗೆ ಬೆಲೆ ಕಟ್ಟಲು ಕಲಿತಷ್ಟು ಕಣ್ಣಿಗೆ ಕಲಿಯಲಿಲ್ಲ.

ವಿಡಿಯೊ ಬಂದಾಗ ಅಂಗಡಿಗೆ ಹೋದದ್ದು ಏನು

1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶಕ್ಕೆ ಬಣ್ಣದ ಟಿವಿ ಬಂತು, ವಿಸಿಆರ್‌ಗಳೂ ಹಿಂದೆಯೇ ಬಂದವು. ಬಾಡಿಗೆಗೆ ಟಿವಿ, ವಿಸಿಆರ್ ತಂದು ಒಂದೇ ರಾತ್ರಿ ಮೂರು ಸಿನಿಮಾ ನೋಡುವ ರೂಢಿ ಹಳ್ಳಿಗಳನ್ನೂ ಮುಟ್ಟಿತು. ಕ್ಯಾಸೆಟ್ ಅಂಗಡಿಯಲ್ಲಿ ಸಿಕ್ಕುತ್ತಿದ್ದದ್ದು ಬಹುಮಟ್ಟಿಗೆ ಸಿನಿಮಾ. ವೇದಿಕೆ ಕಾರ್ಯಕ್ರಮಕ್ಕೆ ಅಲ್ಲಿ ಜಾಗ ಕಡಿಮೆ.

ಅಗ್ಗದ ವಿಸಿಡಿ ಬಂದ ಮೇಲೆ ಸ್ವಲ್ಪ ಬದಲಾಯಿತು. ಒಂದು ವಿಸಿಡಿಯಲ್ಲಿ ಹಿಡಿಯುವುದು 74 ನಿಮಿಷ, ಚಿತ್ರ ಮಸುಕು. ಆದರೆ ಪ್ರತಿ ಮಾಡುವ ಖರ್ಚು ಅತ್ಯಲ್ಪ. ಕರಾವಳಿಯಲ್ಲಿ ಯಕ್ಷಗಾನ ಪ್ರಸಂಗಗಳು, ಬಯಲುಸೀಮೆಯಲ್ಲಿ ಹಾಸ್ಯ, ಹರಿಕಥೆ, ದೇವರ ಹಾಡುಗಳು ಜಾತ್ರೆಯ ಅಂಗಡಿ ಸಾಲು ಸೇರಿದವು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರತೊಡಗಿದಾಗ ಇಡೀ ಮಾರುಕಟ್ಟೆಯ ಬೆಲೆ ಕುಸಿಯಿತು. ಆ ಬೆಲೆಗೆ ಸಿನಿಮಾವೇ ಸಿಕ್ಕುವಾಗ, ನಾಲ್ಕು ಕ್ಯಾಮೆರಾ ಇಟ್ಟು ನಾಟಕವನ್ನೋ ಕಚೇರಿಯನ್ನೋ ತೆಗೆದವರು ಖರ್ಚು ಹುಟ್ಟಿಸುವುದು ಹೇಗೆ? ಅಷ್ಟರಲ್ಲಿ 2005ರಲ್ಲಿ ಹುಟ್ಟಿದ ಯೂಟ್ಯೂಬ್ ಬೆಳೆದು ನಿಂತಿತು. ರಘು ದೀಕ್ಷಿತ್, ಸ್ವರಾತ್ಮ ಮುಂತಾದ ಬೆಂಗಳೂರಿನ ತಂಡಗಳು ಹೆಸರು ಮಾಡುವ ಹೊತ್ತಿಗೆ ಕಚೇರಿಯ ಡಿವಿಡಿ ಎಂಬ ಸರಕಿನ ಕಾಲವೇ ಮುಗಿಯುತ್ತ ಬಂದಿತ್ತು. ಟಾಕಿಂಗ್ ಹೆಡ್ಸ್‌ಗೆ ದೊರೆತ ಇಪ್ಪತ್ತು ವರ್ಷದ ಮನೆ ವಿಡಿಯೊ ಮಾರುಕಟ್ಟೆ ಕನ್ನಡ ವೇದಿಕೆಗೆ ದೊರೆಯಲೇ ಇಲ್ಲ.

ಪಾತ್ರಕ್ಕೆ ದುಡ್ಡು ಕಟ್ಟಿದವರ ವಿಡಿಯೊ

ಹಾಗಾದರೆ ಬೆಂಗಳೂರು ಗ್ರಾಮಾಂತರದ ನಾಟಕಗಳ ಕ್ಯಾಸೆಟ್ಟುಗಳು ಹುಟ್ಟಿದ್ದು ಯಾವ ಮಾರುಕಟ್ಟೆಯಿಂದ? ಅದನ್ನು ತಿಳಿಯಬೇಕಾದರೆ ಈ ನಾಟಕಗಳ ಲೆಕ್ಕಾಚಾರ ತಿಳಿಯಬೇಕು. ಇಲ್ಲಿ ಟಿಕೆಟ್ ಇಲ್ಲ. ನೋಡುವವರು ದುಡ್ಡು ಕೊಡುವುದಿಲ್ಲ, ಆಡುವವರು ಕೊಡುತ್ತಾರೆ. ದುರ್ಯೋಧನ, ಕೃಷ್ಣ, ಭೀಮ, ಅರ್ಜುನ, ಕರ್ಣರಂಥ ಪಾತ್ರಗಳಿಗೆ ಹೆಚ್ಚು, ಸಣ್ಣ ಪಾತ್ರಗಳಿಗೆ ಕಡಿಮೆ. ಹೀಗೆ ಕೂಡಿದ ಹಣದಲ್ಲಿ ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ತಬಲಾದವರು, ಸೀನರಿ, ಉಡುಪು, ಬಣ್ಣ, ಮೈಕ್ ಸೆಟ್ಟು, ದ್ರೌಪದಿ, ಕುಂತಿ, ರುಕ್ಮಿಣಿಯರಾಗಿ ಹೊರಗಿನಿಂದ ಬರುವ ವೃತ್ತಿ ಕಲಾವಿದೆಯರ ಸಂಬಳ ಎಲ್ಲವೂ ತೀರಬೇಕು. ಮೇಷ್ಟ್ರು ತಿಂಗಳುಗಟ್ಟಲೆ ಸಂಜೆ ಸಂಜೆ ಬಂದು ತಾಲೀಮು ಕೊಡುತ್ತಾರೆ. ಹೊಲದ ಕೆಲಸ ಮುಗಿಸಿದವರು, ಮಗ್ಗದ ಮನೆಯವರು, ದಾಬಸ್‌ಪೇಟೆ, ಬಾಶೆಟ್ಟಿಹಳ್ಳಿ, ಪಿಳ್ಳಗುಂಪೆಯ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬಂದವರು ಅಲ್ಲಿ ಕಂದ, ಸೀಸಪದ್ಯಗಳನ್ನು ರಾಗದಲ್ಲಿ ಹಾಡಲು ಕಲಿಯುತ್ತಾರೆ.

ವಿಡಿಯೊ ಈ ಖರ್ಚಿನ ಒಂದು ಬಾಬತ್ತು. ತೆಗೆಸಿದವರು ರಂಗದ ಮೇಲೆ ನಿಂತವರೇ; ಕೊಂಡವರೂ ಅವರೇ. ಆದ್ದರಿಂದಲೇ ಆ ವಿಡಿಯೊದ ವ್ಯಾಕರಣ ಬೇರೆ. ನಟ ಪ್ರವೇಶಿಸಿದೊಡನೆ ಭಾವಮೈದುನ ಮೆಟ್ಟಿಲು ಹತ್ತಿ ನೋಟಿನ ಹಾರ ಹಾಕುತ್ತಾನೆ, ಅತ್ತೆ ಮನೆಯವರು ಉಂಗುರ ತೊಡಿಸುತ್ತಾರೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ. ಭೀಮ ಗದೆ ಇಳಿಸಿ ಕೈಮುಗಿದು ಫೋಟೊಕ್ಕೆ ನಿಂತು ಮತ್ತೆ ಗದೆ ಎತ್ತುತ್ತಾನೆ. ಕ್ಯಾಮೆರಾದವನು ಇದನ್ನು ಬಿಟ್ಟರೆ ಅವನಿಗೆ ದುಡ್ಡು ಹುಟ್ಟುವುದಿಲ್ಲ. ಕಥೆಯ ಓಟ ಹುಡುಕುವ ವಿಮರ್ಶಕನಿಗೆ ಇದು ಅಡಚಣೆ. ಆದರೆ ಯಾರಿಗೆ ಯಾರು ನೆಂಟ, ಯಾವ ಊರಿಂದ ಯಾರು ಬಂದರು, ಯಾರ ಮಾನ ಎಷ್ಟು ಎಂಬ ಊರ ಸಮಾಜದ ಕಡತ ಆ ದೃಶ್ಯದಲ್ಲಿದೆ. ‘101’ ಮಾಡಿದ ಕೆಲಸವನ್ನು ನೆಲಮಂಗಲದ ಮದುವೆ ವಿಡಿಯೊದವನು ಹೆಸರು ಕೇಳದೆಯೇ ಮಾಡಿದ್ದಾನೆ: ಜನರನ್ನೇ ಕಥೆ ಮಾಡಿದ್ದಾನೆ.

ಹಾಗೆಂದು ಈ ವಿಡಿಯೊಗಳನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಒಂದೇ ಕ್ಯಾಮೆರಾ, ಅದೂ ಎದುರಿಗೆ, ತುಸು ಎಡಕ್ಕೆ. ಮಾತಾಡುವವನು ಒಂದು ಕಡೆ, ಕ್ಯಾಮೆರಾ ಹುಡುಕುವುದು ಇನ್ನೊಂದು ಕಡೆ. ನಸುಕಿನ ಹೊತ್ತಿಗೆ ಕ್ಯಾಮೆರಾದವನಿಗೂ ಜೊಂಪು. ಕರ್ಣಾವಸಾನಕ್ಕಿಂತ ಮೊದಮೊದಲ ದೃಶ್ಯಗಳೇ ಚೆನ್ನಾಗಿ ದಾಖಲಾಗಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಸೋಲುವುದು ಧ್ವನಿಯಲ್ಲಿ

ಎಲ್ಲಕ್ಕಿಂತ ದೊಡ್ಡ ಕುಂದು ಧ್ವನಿ. ಈ ನಾಟಕ ನಡೆಯುವುದೇ ಹಾಡಿನ ಮೇಲೆ. ‘ಪದ ಹೇಗೆ ಹೇಳಿದ’ ಎನ್ನುವುದೇ ನಟನ ಅಳತೆ. ರಂಗದ ಮುಂದೆ ತೂಗುಬಿಟ್ಟ ಮೈಕುಗಳು ನಟನ ಧ್ವನಿಯನ್ನು ಹಿಡಿಯುತ್ತವೆ, ಅವನು ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬಿಡುತ್ತವೆ. ಹಾರ್ಮೋನಿಯಂಗೆ ಬೇರೆ ಮೈಕು. ಕ್ಯಾಮೆರಾ ಕೇಳುವುದು ಇವುಗಳನ್ನೂ ಅಲ್ಲ. ಅದರ ತಲೆಯ ಮೇಲಿನ ಸಣ್ಣ ಮೈಕು ಕೇಳುವುದು ಲೌಡ್ ಸ್ಪೀಕರಿನ ಗದ್ದಲ, ಜನರೇಟರಿನ ಸದ್ದು, ಪಕ್ಕದಲ್ಲಿ ಕಡಲೆಕಾಯಿ ಮಾರುವವನ ಕೂಗು. ಮೈಕ್ ಸೆಟ್ಟಿನ ಮಿಕ್ಸರಿನಿಂದ ಒಂದು ವೈರು ಎಳೆದು ಕ್ಯಾಮೆರಾಗೋ ಬೇರೊಂದು ರೆಕಾರ್ಡರಿಗೋ ಕೊಟ್ಟಿದ್ದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತಿತ್ತು. ಮೈಕಿನವನೂ ಕ್ಯಾಮೆರಾದವನೂ ಬೇರೆ ಬೇರೆ ಕೂಲಿಗೆ ಬಂದವರಾದ್ದರಿಂದ ಆ ವೈರು ಎಳೆಯುವುದು ಇಬ್ಬರ ಕೆಲಸವೂ ಆಗಲಿಲ್ಲ.

‘ಸ್ಟಾಪ್ ಮೇಕಿಂಗ್ ಸೆನ್ಸ್’ ಉಳಿದದ್ದರ ಗುಟ್ಟು ಇಲ್ಲಿದೆ. ಆ ಚಿತ್ರದ ಧ್ವನಿಯನ್ನು 24 ಟ್ರ್ಯಾಕುಗಳ ಡಿಜಿಟಲ್ ಯಂತ್ರದಲ್ಲಿ ಪ್ರತ್ಯೇಕವಾಗಿ ಮುದ್ರಿಸಿದ್ದರು. ಒಂದೊಂದು ವಾದ್ಯವೂ ಬಿಡಿಯಾಗಿ ಉಳಿದದ್ದರಿಂದ ನಾಲ್ಕು ದಶಕದ ಮೇಲೂ ಹೊಸ ಚಿತ್ರಮಂದಿರಕ್ಕೆ ಹೊಂದುವಂತೆ ಮತ್ತೆ ಬೆರೆಸಲು ಸಾಧ್ಯವಾಯಿತು. ಮಸುಕು ಚಿತ್ರವನ್ನು ನೋಡುಗ ಸಹಿಸುತ್ತಾನೆ. ಹಾಡು ಕೇಳದಿದ್ದರೆ ಎದ್ದುಹೋಗುತ್ತಾನೆ.

ಹಕ್ಕು ಯಾರದು

ಇನ್ನೊಂದು ತೊಡಕು ಕಾನೂನಿನದು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಲಾವಿದರಿಗೆ ಅವರ ಪ್ರದರ್ಶನದ ಮೇಲಿನ ಹಕ್ಕು ಸೇರಿದ್ದು 1994ರ ತಿದ್ದುಪಡಿಯಿಂದ. ಆಗ 25 ವರ್ಷವಿದ್ದ ಅದರ ಅವಧಿ 1999ರಲ್ಲಿ 50 ವರ್ಷವಾಯಿತು. ಕಾಯ್ದೆಯ ಪ್ರಕಾರ ನಟ, ಗಾಯಕ, ವಾದಕ, ನರ್ತಕರಷ್ಟೇ ಅಲ್ಲ, ಹಾವಾಡಿಗನೂ ಪ್ರದರ್ಶಕನೇ. 2012ರ ತಿದ್ದುಪಡಿ, ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ಕಲಾವಿದನಿಗೆ ರಾಯಧನ ಸಲ್ಲಬೇಕೆಂದು ಹೇಳಿತು. ನಾಟಕ ಬರೆದವರ ಹಕ್ಕು ಅವರ ಜೀವಿತಾವಧಿ ಮತ್ತು ಆನಂತರದ 60 ವರ್ಷ.

ಇದನ್ನು ಹಳ್ಳಿಯ ವಿಡಿಯೊಗೆ ಹೊಂದಿಸಿ ನೋಡಿ. ಬರೆದವರ ಹೆಸರು ಕರಪತ್ರದಲ್ಲಿ ಒಮ್ಮೊಮ್ಮೆ ಇರುತ್ತದೆ, ಒಮ್ಮೊಮ್ಮೆ ಇಲ್ಲ. ನಡುವೆ ಮೇಷ್ಟ್ರು ಸೇರಿಸಿದ ಪದಗಳಿರುತ್ತವೆ, ಸಿನಿಮಾ ಧಾಟಿಗಳೂ ನುಸುಳಿರುತ್ತವೆ. ಮೂವತ್ತು ಮಂದಿ ಪಾತ್ರಧಾರಿಗಳಲ್ಲಿ ಯಾರೊಬ್ಬರೂ ಯಾವ ಕಾಗದಕ್ಕೂ ಸಹಿ ಹಾಕಿರುವುದಿಲ್ಲ. ಮನೆಯಲ್ಲಿ ನೋಡುವಾಗ ಇದೊಂದೂ ಪ್ರಶ್ನೆಯಲ್ಲ. ಸ್ಟುಡಿಯೊದವನು ಅದನ್ನೇ ತನ್ನ ಯೂಟ್ಯೂಬ್ ಚಾನೆಲ್ಲಿಗೆ ಹಾಕಿ, ಜಾಹೀರಾತಿನ ಹಣ ಬರತೊಡಗಿದಾಗ ಪ್ರಶ್ನೆ ಏಳುತ್ತದೆ. ದುರ್ಯೋಧನನ ಪಾತ್ರಕ್ಕೆ ದುಡ್ಡು ಕಟ್ಟಿದವನಿಗೆ ಅದರಲ್ಲಿ ಪಾಲಿಲ್ಲ. ಮೂರು ತಿಂಗಳು ಕಲಿಸಿದ ಮೇಷ್ಟ್ರ ಹೆಸರೂ ಅಲ್ಲಿಲ್ಲ. ಜಗಳ ಹೆಚ್ಚಾಗಿ ಆಗುವುದಿಲ್ಲ. ಹಕ್ಕು ಇದೆಯೆಂದು ಗೊತ್ತಿದ್ದರಲ್ಲವೇ ಜಗಳ?

ಕಾಪಿಡುವವರು

ಕಾಪಿಡುವ ಕೆಲಸದಲ್ಲಿ ಕರ್ನಾಟಕ ಹಿಂದೆ ಬಿದ್ದಿದೆ ಎನ್ನಲಾಗದು. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಕಟ್ಟಿದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರ ಕರಾವಳಿಯ ಪ್ರದರ್ಶನಗಳನ್ನು ವ್ಯವಸ್ಥಿತವಾಗಿ ದಾಖಲಿಸಿತು. ಎಚ್.ಎಲ್. ನಾಗೇಗೌಡರ ಜಾನಪದ ಲೋಕ ರಾಮನಗರದ ಬಳಿ ಅಂಥದೇ ಭಂಡಾರ ಕೂಡಿಹಾಕಿತು. ಹೆಗ್ಗೋಡಿನ ನೀನಾಸಮ್‌ನ ನಾಟಕಗಳೂ ವಿಡಿಯೊಗೆ ಬಂದಿವೆ. ಆದರೆ ಗ್ರಾಮಾಂತರದ ಪೌರಾಣಿಕ ನಾಟಕ ಈ ಯಾವ ಚೀಲಕ್ಕೂ ಹೊಂದಲಿಲ್ಲ. ಬರೆದ ಪಠ್ಯವಿದೆಯೆಂದು ಜಾನಪದದವರು ಬಿಟ್ಟರು, ಕಂಪನಿ ನಾಟಕದ ಹಳೆಯ ಬಣ್ಣವೆಂದು ಆಧುನಿಕ ರಂಗಭೂಮಿಯವರು ಬಿಟ್ಟರು, ಹವ್ಯಾಸವೆಂದು ವೃತ್ತಿಯವರು ಬಿಟ್ಟರು. ರಾಜಧಾನಿಯಿಂದ ಒಂದು ತಾಸಿನ ದಾರಿಯಲ್ಲಿ ಇಷ್ಟು ಜನ ರಾತ್ರಿಯಿಡೀ ಹಾಡುವ ರಂಗವೊಂದು ಸಂಶೋಧಕರ ಕಣ್ಣಿಗೆ ಬೀಳದೆ ಉಳಿದದ್ದು ಹೀಗೆ.

ಹಳೆಯ ಕ್ಯಾಸೆಟ್ಟುಗಳಿಗೆ ಕಾಲ ಮುಗಿಯುತ್ತ ಬಂದಿದೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ಕೈಬಿಟ್ಟಿತು. ಮೂರು ಗಂಟೆಯ ಟೇಪನ್ನು ಕಂಪ್ಯೂಟರಿಗೆ ಇಳಿಸಲು ಮೂರು ಗಂಟೆಯೇ ಬೇಕು; ಅವಸರ ಮಾಡುವಂತಿಲ್ಲ. ಬೂಷ್ಟು ಹಿಡಿದ ಟೇಪನ್ನು ಶುಚಿ ಮಾಡದೆ ಓಡಿಸಿದರೆ ಯಂತ್ರದ ಹೆಡ್ಡೂ ಕೆಡುತ್ತದೆ, ಟೇಪೂ ಹರಿಯುತ್ತದೆ. ಹಾಗೆ ನೋಡಿದರೆ ಇವತ್ತಿನ ಪೆನ್‌ಡ್ರೈವ್, ಮೊಬೈಲು ವಿಡಿಯೊಗಳ ಆಯುಷ್ಯವೂ ಹೆಚ್ಚಿನದಲ್ಲ. ಫೋನು ಬದಲಾದರೆ ಮುಗಿಯಿತು. ಯೂಟ್ಯೂಬ್‌ನಲ್ಲಿದೆ ಎನ್ನುವುದು ಕಾಪಿಟ್ಟಂತೆ ಅಲ್ಲ. ಚಾನೆಲ್ಲಿನವನು ಅಳಿಸಿದ ದಿನ, ಇಲ್ಲವೇ ಸಿನಿಮಾ ಧಾಟಿಯೊಂದಕ್ಕೆ ಯಾರೋ ಹಕ್ಕು ಹೂಡಿದ ದಿನ ಆ ರಾತ್ರಿ ಇಲ್ಲವಾಗುತ್ತದೆ.

ಕರಪತ್ರವೇ ಶೀರ್ಷಿಕೆಪಟ್ಟಿ

ಇಷ್ಟು ನೋಡಿದ ಮೇಲೆ ಹೇಳಬಹುದಾದದ್ದು: ನ್ಯೂ ವೇವ್ ತಂಡಗಳಿಂದ ನಾವು ಕಲಿಯಬೇಕಾದದ್ದು ಅವರ ಬೆಳಕು, ಸಂಕಲನಗಳನ್ನಲ್ಲ. ಆ ದುಡ್ಡು ನಮ್ಮ ಹಳ್ಳಿಗಳಲ್ಲಿಲ್ಲ, ಬೇಕಾಗಿಯೂ ಇಲ್ಲ. ಕಲಿಯಬೇಕಾದದ್ದು ಒಂದು ರಾತ್ರಿಯ ಆಟವನ್ನು ಕೃತಿಯೆಂದು ನಂಬಿ, ಅದಕ್ಕೆ ತಲೆಬರಹ, ಹೆಸರುಪಟ್ಟಿ, ತಾರೀಕು ಕೊಟ್ಟು ಹೊರಗೆ ಬಿಡುವ ಶಿಸ್ತನ್ನು.

ಅದಕ್ಕೆ ಬೇಕಾದ ಸಾಮಗ್ರಿ ಹೊಸದಾಗಿ ಹುಟ್ಟಬೇಕಿಲ್ಲ. ಪ್ರತಿ ನಾಟಕಕ್ಕೂ ಊರವರು ಕರಪತ್ರ ಅಚ್ಚು ಹಾಕಿಸುತ್ತಾರೆ. ದಿನ, ಸ್ಥಳ, ಯಾರು ಯಾವ ಪಾತ್ರ, ಮೇಷ್ಟ್ರು ಯಾರು, ತಬಲಾ ಯಾರದು, ಸೀನರಿ ಎಲ್ಲಿಯದು, ಹಣ ಕೊಟ್ಟವರು ಯಾರು, ಎಲ್ಲ ಅದರಲ್ಲಿರುತ್ತದೆ. ಸಿನಿಮಾದ ಶೀರ್ಷಿಕೆಪಟ್ಟಿಯೂ ಅಷ್ಟು ನಿಷ್ಠೆಯಿಂದ ಹೆಸರು ಹಾಕುವುದಿಲ್ಲ. ನಾಟಕ ಮುಗಿದ ಮರುದಿನ ಆ ಕರಪತ್ರ ಕಡಲೆಕಾಯಿ ಪೊಟ್ಟಣವಾಗುತ್ತದೆ, ವಿಡಿಯೊ ಹೆಸರಿಲ್ಲದೆ ಉಳಿಯುತ್ತದೆ. ಇವೆರಡನ್ನೂ ಕೂಡಿಸುವುದೇ ಮೊದಲ ಕೆಲಸ. ಕರಪತ್ರದ ಚಿತ್ರವನ್ನು ವಿಡಿಯೊದ ಮೊದಲ ನಿಮಿಷದಲ್ಲಿ ಇಡುವುದು. ಮಿಕ್ಸರಿನಿಂದ ಧ್ವನಿಯ ವೈರು ತೆಗೆಯುವುದು. ಮೇಷ್ಟ್ರು ಮತ್ತು ಪಾತ್ರಧಾರಿಗಳಿಂದ ಒಂದು ಪುಟದ ಒಪ್ಪಿಗೆ ಪಡೆಯುವುದು. ಒಂದು ಪ್ರತಿಯನ್ನು ತಾಲ್ಲೂಕು ಗ್ರಂಥಾಲಯಕ್ಕೋ ಜಾನಪದ ಲೋಕದಂಥ ಭಂಡಾರಕ್ಕೋ ಕೊಡುವುದು. ನಾಟಕದ ಒಟ್ಟು ಖರ್ಚಿನ ಮುಂದೆ ಇದು ಲೆಕ್ಕಕ್ಕೇ ಬಾರದಷ್ಟು.

ಹಳೆಯ ಕ್ಯಾಸೆಟ್ಟುಗಳ ಮಟ್ಟಿಗೆ ಅವಸರವಿದೆ. ಅವುಗಳಲ್ಲಿ ಹಾಡಿದ ಅನೇಕ ಮೇಷ್ಟ್ರುಗಳು ಈಗಿಲ್ಲ. ಅವರ ಮಟ್ಟುಗಳನ್ನು ಎಲ್ಲೂ ಬರೆದಿಟ್ಟಿಲ್ಲ, ಇದ್ದರೆ ಆ ಟೇಪಿನಲ್ಲೇ ಇವೆ. ತಾಲ್ಲೂಕಿಗೊಂದು ಕೆಲಸ ಮಾಡುವ ವಿಸಿಆರ್, ಒಂದು ಕಂಪ್ಯೂಟರು, ತಾಳ್ಮೆಯಿರುವ ಇಬ್ಬರು ಇದ್ದರೆ ಈ ಕೆಲಸ ಶುರುವಾಗುತ್ತದೆ. ಅಕಾಡೆಮಿಗಳ ದಾರಿ ಕಾಯುವುದಕ್ಕಿಂತ, ಮುಂದಿನ ‘ಕುರುಕ್ಷೇತ್ರ’ಕ್ಕೆ ಪಾತ್ರ ಹಂಚುವ ದಿನವೇ ಊರಿನವರು ಆ ಇಬ್ಬರ ಹೆಸರನ್ನೂ ಪಟ್ಟಿಗೆ ಸೇರಿಸಿಕೊಳ್ಳಬಹುದು.